ಬುಟ್ಟಿಯ ಮೇಲಿನ ಪುಟ್ಟ ಪಾದ

ನನ್ನ ಮಗಳ ಮೊದಲ ಅಂಗೈ ಅಚ್ಚು ಒಂದೇ ಮಳೆಗಾಲಕ್ಕೆ ಕರಗಿಹೋಯಿತು.

ಅವಳು ಹುಟ್ಟಿದ್ದು ಮೇ ತಿಂಗಳಲ್ಲಿ. ಗಣಪತಿ ಹಬ್ಬದ ಹೊತ್ತಿಗೆ ನಾಲ್ಕು ತಿಂಗಳ ಕೂಸು. ಮೊದಲ ವರ್ಷದ ಹಬ್ಬ, ಏನಾದರೂ ಒಂದು ನೆನಪು ಉಳಿಸಿಕೊಳ್ಳಬೇಕು ಅನ್ನೋ ಆಸೆ. ಶಿವಮೊಗ್ಗದ ನಮ್ಮ ಬಾಡಿಗೆ ಮನೆಯಲ್ಲಿ ಒಂದು ಮಧ್ಯಾಹ್ನ 2 ಲೋಟ ಮೈದಾ, 1 ಲೋಟ ಪುಡಿ ಉಪ್ಪು, 1 ಲೋಟಕ್ಕೆ ಸ್ವಲ್ಪ ಕಡಿಮೆ ನೀರು ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ನಾದಿದೆ. ದಪ್ಪ ರೊಟ್ಟಿಯ ಹಾಗೆ ತಟ್ಟಿ, ಅದರ ಮೇಲೆ ಅವಳ ಕೈ ಒತ್ತಲು ಹೋದೆ. ಕೈ ಬಿಚ್ಚಲೇ ಇಲ್ಲ. ಹಿಟ್ಟು ಅಂಗೈಗೆ ತಾಗಿದ್ದೇ ತಡ, ಐದೂ ಬೆರಳು ಮುಚ್ಚಿಕೊಂಡವು. ಬಿಡಿಸಿದೆ, ಮತ್ತೆ ಹಿಡಿದಳು. ಬಿಡಿಸಿದೆ, ಮತ್ತೆ ಹಿಡಿದಳು. ಆ ಪುಟ್ಟ ಮುಷ್ಟಿಯಲ್ಲಿ ಅಷ್ಟು ಬಲ ಎಲ್ಲಿಂದ ಬಂತೋ!

ಎಳೆ ಕೂಸುಗಳಿಗೆ ಅದು ಹುಟ್ಟಿನಿಂದಲೇ ಬಂದ ಗುಣ. ಅಂಗೈಗೆ ಏನು ತಾಗಿದರೂ ಬೆರಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಐದಾರು ತಿಂಗಳಾಗುವವರೆಗೂ ಹೀಗೆ. ಎಳೆದು ಬಿಡಿಸಬಾರದು. ಕೈಯ ಹಿಂಭಾಗವನ್ನು ಮೆಲ್ಲಗೆ ಸವರಿದರೆ ಮುಷ್ಟಿ ತಾನಾಗಿ ಸಡಿಲವಾಗುತ್ತದೆ. ಹಾಲು ಕುಡಿದು ನಿದ್ದೆಗೆ ಜಾರಿದ ಹೊತ್ತಂತೂ ಎಲ್ಲಕ್ಕಿಂತ ಒಳ್ಳೆಯದು. ನಾನೂ ಅವತ್ತು ಸಂಜೆ ಅವಳು ಮಲಗಿದ ಮೇಲೆ ಒತ್ತಿದೆ. ಹೆಬ್ಬೆರಳು ಸರಿಯಾಗಿ ಮೂಡಲಿಲ್ಲ. ಉಳಿದ ನಾಲ್ಕು ಬೆರಳು ಮೂಡಿದವು, ಅಂಗೈಯ ಒಂದು ಗೆರೆಯೂ ಕಂಡಿತು. ಓವನ್‌ನಲ್ಲಿ ಕಡಿಮೆ ಬಿಸಿಗೆ ಮೂರು ಗಂಟೆ ಇಟ್ಟು ಒಣಗಿಸಿ, ಮೇಲೊಂದು ತೂತು ಮಾಡಿದ್ದರಲ್ಲಿ ಕೆಂಪು ದಾರ ಪೋಣಿಸಿ, ಸಾಗರದ ಕಡೆಯ ನನ್ನ ತವರಿಗೆ ಒಯ್ದು ಅಮ್ಮನಿಗೆ ಕೊಟ್ಟೆ. ಅಮ್ಮ ಅದನ್ನು ಅಡುಗೆಮನೆ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದರು.

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ನಮ್ಮೂರಿನಲ್ಲಿ ಅಷ್ಟಿಲ್ಲ. ಆದರೂ ಆಷಾಢ ಬಂತೆಂದರೆ ಗೋಡೆ ಬೆವರುತ್ತದೆ, ಬೆಂಕಿಪೆಟ್ಟಿಗೆ ಮೆತ್ತಗಾಗುತ್ತದೆ, ಕೂಸಿನ ಬಟ್ಟೆ ಒಣಗಬೇಕಾದರೆ ಒಲೆಯ ಮೇಲಿನ ಕೋಲೇ ಗತಿ. ಮುಂದಿನ ವರ್ಷ ಜುಲೈನಲ್ಲಿ ಊರಿಗೆ ಹೋದಾಗ ನೋಡಿದರೆ, ಮೊಳೆಯಲ್ಲಿ ಕೆಂಪು ದಾರ ಮಾತ್ರ ಇತ್ತು. ಅಚ್ಚು ನೆನೆದು, ಬೂಷ್ಟು ಹಿಡಿದು, ತುಂಡಾಗಿ ಬಿದ್ದಿತ್ತಂತೆ. ಅಮ್ಮ ತುಂಡುಗಳನ್ನು ಒಂದು ಬಾಳೆಲೆಯಲ್ಲಿ ಎತ್ತಿಟ್ಟಿದ್ದರು. ಎಸೆಯಲು ಮನಸ್ಸು ಬಂದಿರಲಿಲ್ಲ ಅವರಿಗೆ.

"ಉಪ್ಪು ಅಂದ್ಮೇಲೆ ನೀರೊಡೀದೆ ಇರ್ತದನೇ? ಮಳೆಗಾಲದಲ್ಲಿ ಉಪ್ಪಿನ ಮರಿಗೇನೇ ಒಲೆ ಹತ್ರ ಇಟ್ಕಳ್ತೀವಿ ನಾವು" ಅಂದರು.

ಎಷ್ಟು ಸರಳವಾದ ಮಾತು. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಒಣ ಊರುಗಳಲ್ಲಿ ವರ್ಷಗಟ್ಟಲೆ ಬಾಳುವ ವಸ್ತು ನಮ್ಮ ಕಡೆ ಒಂದು ಮಳೆಗಾಲ ತಡೆಯುವುದಿಲ್ಲ. ಇದು ನನಗೆ ಹೊಳೆಯಬೇಕಿತ್ತು, ಈ ಮಳೆಯಲ್ಲೇ ಬೆಳೆದವಳು ನಾನು. ಆ ಬಾಳೆಲೆ ಹಿಡಿದುಕೊಂಡು ಹಿಂದಿನ ಜಗಲಿಯಲ್ಲಿ ಕೂತು ಅತ್ತುಬಿಟ್ಟೆ. ನಾಲ್ಕು ತಿಂಗಳ ಕೈ ಇನ್ನೊಮ್ಮೆ ಬರುವುದಿಲ್ಲ ಅಲ್ವಾ?

ಮೈದಾ ಹಿಟ್ಟಿನ ಅಚ್ಚು ಮಾಡಲೇಬೇಕು ಅನ್ನುವವರು ಬೇಸಿಗೆಯಲ್ಲಿ ಮಾಡಿ, ಪೂರ್ತಿ ಒಣಗಿದ ಮೇಲೆ ಹಿಂದೆ ಮುಂದೆ ಎರಡೂ ಕಡೆ ವಾರ್ನಿಶ್ ಬಳಿದು, ಗಾಜಿನ ಪೆಟ್ಟಿಗೆಯಲ್ಲಿಡಿ. ಹಸಿ ಹಿಟ್ಟನ್ನು ಕೂಸಿನ ಬಾಯಿಗೆ ಮಾತ್ರ ಸಿಗಗೊಡಬೇಡಿ. ಅದರಲ್ಲಿ ಮೂರರಲ್ಲಿ ಒಂದು ಪಾಲು ಉಪ್ಪೇ ಇರುತ್ತದೆ. ಒಂದು ಸಣ್ಣ ಉಂಡೆ ನುಂಗಿದರೂ ಆ ಪುಟ್ಟ ಮೈಗೆ ಅದು ಜಾಸ್ತಿ.

ಅದೇ ಮೊದಲ ವರ್ಷದ ಇನ್ನೊಂದು ಅಚ್ಚು ಮಾತ್ರ ನನ್ನ ಹತ್ತಿರ ಉಳಿದಿದೆ. ಕೃಷ್ಣಾಷ್ಟಮಿಯದ್ದು. ಆಗ ಅವಳಿಗೆ ಮೂರು ತಿಂಗಳು. ನಮ್ಮತ್ತೆ ಅಕ್ಕಿಹಿಟ್ಟನ್ನು ನೀರಿನಲ್ಲಿ ಕದಡಿ, ಹೊಸ್ತಿಲಿನಿಂದ ದೇವರಮನೆವರೆಗೆ ಕೃಷ್ಣನ ಹೆಜ್ಜೆ ಬರೆಯುತ್ತಿದ್ದರು. ಹೇಗೆ ಬರೆಯುತ್ತಾರೆ ಅಂತ ನಿಮಗೂ ಗೊತ್ತು. ಮುಷ್ಟಿ ಕಟ್ಟಿ, ಕಿರುಬೆರಳಿನ ಪಕ್ಕವನ್ನು ಹಿಟ್ಟಿನ ನೀರಿಗೆ ಅದ್ದಿ ನೆಲಕ್ಕೆ ಒತ್ತಿದರೆ ಪಾದ. ಮೇಲೆ ಬೆರಳ ತುದಿಯಿಂದ ಐದು ಚುಕ್ಕೆ ಇಟ್ಟರೆ ಬೆರಳು. ಎಡಗೈಯಲ್ಲಿ ಒಂದು, ಬಲಗೈಯಲ್ಲಿ ಒಂದು. "ಮನೇಲಿ ನಿಜವಾದ ಪಾದವೇ ಇರುವಾಗ ನನ್ನ ಮುಷ್ಟಿ ಯಾಕೆ?" ಅಂದರು ಅತ್ತೆ. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ನಾನು ಒಂದು ಹಳೆ ಕಪ್ಪು ರವಿಕೆ ಬಟ್ಟೆಯನ್ನು ರಟ್ಟಿಗೆ ಸುತ್ತಿ ತಂದೆ.

ಇಲ್ಲಿ ಒಂದು ಉಪಾಯ ಹೇಳಬೇಕು. ಪಾದವನ್ನು ರಟ್ಟಿನ ಹತ್ತಿರ ಒಯ್ಯಬಾರದು, ರಟ್ಟನ್ನು ಪಾದದ ಹತ್ತಿರ ತರಬೇಕು. ಕೂಸು ಮಲಗಿದ್ದಲ್ಲೇ ಇರಲಿ. ಒಬ್ಬರು ಮೊಣಕಾಲಿನ ಕೆಳಗೆ ಮೆಲ್ಲಗೆ ಹಿಡಿದಿರಬೇಕು, ಇನ್ನೊಬ್ಬರು ಹಿಮ್ಮಡಿಯಿಂದ ಬೆರಳಿನ ಕಡೆಗೆ ರಟ್ಟನ್ನು ಹೊರಳಿಸಬೇಕು. ಹಿಟ್ಟು ದೋಸೆ ಹಿಟ್ಟಿಗಿಂತ ತುಸು ತೆಳುವಾಗಿರಲಿ. ಪಾದವನ್ನು ಹಿಟ್ಟಿನಲ್ಲಿ ಅದ್ದುವುದು ಬೇಡ, ಮೆತ್ತನೆಯ ಬಟ್ಟೆಯಿಂದ ತೆಳ್ಳಗೆ ಸವರಿದರೆ ಸಾಕು. ಜಾಸ್ತಿಯಾದರೆ ಬೆರಳುಗಳ ನಡುವೆ ತುಂಬಿ ಇಡೀ ಪಾದ ಒಂದೇ ಮುದ್ದೆಯಾಗಿ ಮೂಡುತ್ತದೆ. ಮೂರನೇ ಸಲಕ್ಕೆ ನಮಗೆ ಹದ ಸಿಕ್ಕಿತು. ಕೂಡಲೇ ಬೆಚ್ಚನೆ ನೀರಿನಲ್ಲಿ ತೊಳೆದೆವು. ಎಲ್ಲಾ ಸೇರಿ ಐದು ನಿಮಿಷವೂ ಆಗಲಿಲ್ಲ. ಅವಳು ಅಳಲೂ ಇಲ್ಲ, ಅತ್ತೆಯ ಮೂಗುಬೊಟ್ಟನ್ನೇ ನೋಡುತ್ತಿದ್ದಳು.

ಒಣಗಿದ ಮೇಲೆ ಎರಡೂ ಹೆಜ್ಜೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆವು. ಅತ್ತೆಯ ಮುಷ್ಟಿಯ ಹೆಜ್ಜೆಗೆ ಒಂದು ಚೆಂದದ ಬಳುಕು ಇತ್ತು, ನಡುವೆ ಒಳಕ್ಕೆ ಬಾಗಿದ ಸೊಂಟ. ನನ್ನ ಮಗಳ ಹೆಜ್ಜೆಗೆ ಸೊಂಟವೇ ಇಲ್ಲ! ಹಿಮ್ಮಡಿಯಿಂದ ಬೆರಳಿನವರೆಗೂ ತುಂಬಿಕೊಂಡು ಕಡುಬಿನ ಹಾಗಿತ್ತು. ಎಳೆ ಪಾದದ ಅಡಿಯಲ್ಲಿ ಕೊಬ್ಬಿನ ಮೆತ್ತೆ ಇರುತ್ತದೆ, ಪಾದದ ಕಮಾನು ಕಾಣಿಸಿಕೊಳ್ಳುವುದು ನಡೆಯಲು ಕಲಿತು ಕೆಲವು ವರ್ಷವಾದ ಮೇಲೆ. ನೂರಾರು ಹೆಜ್ಜೆ ಬರೆದಿರುವ ನಮ್ಮತ್ತೆ ಅವತ್ತು ಆ ಬಟ್ಟೆಯನ್ನು ತುಂಬಾ ಹೊತ್ತು ನೋಡುತ್ತಾ ಕೂತಿದ್ದರು. "ಕೃಷ್ಣ ಬೆಣ್ಣೆ ಕದಿಯೋಕೆ ಹೋಗುವಾಗ ಸ್ವಲ್ಪ ದೊಡ್ಡವನಾಗಿದ್ದ ಅಂತ ಕಾಣ್ತದೆ" ಅಂದರು. ಆ ಬಟ್ಟೆಯ ಅಕ್ಕಿಹಿಟ್ಟು ಈಗ ಅರ್ಧ ಉದುರಿದೆ. ಹಿಟ್ಟಿಗೆ ಎರಡು ಚಮಚ ಗಂಜಿ ಸೇರಿಸಿದ್ದರೆ ಇನ್ನೂ ಗಟ್ಟಿಯಾಗಿ ಕೂತಿರುತ್ತಿತ್ತು. ಆದರೂ ಹೆಜ್ಜೆ ಕಾಣುತ್ತದೆ.

ಫೋಟೋ ಇದೆಯಲ್ಲ, ಇದೆಲ್ಲ ಯಾಕೆ ಅಂತ ನನ್ನ ತಮ್ಮ ಕೇಳಿದ್ದ. ನನ್ನ ಮೊಬೈಲ್‌ನಲ್ಲಿ ಅವಳ ಸಾವಿರಾರು ಫೋಟೋ ಇವೆ. ಯಾವುದರಲ್ಲೂ ಅವಳ ಪಾದ ಎಷ್ಟು ದೊಡ್ಡದಿತ್ತು ಅಂತ ತಿಳಿಯುವುದಿಲ್ಲ. ಆ ಕಪ್ಪು ಬಟ್ಟೆಯ ಮೇಲೆ ನನ್ನ ತೋರುಬೆರಳು ಇಟ್ಟರೆ ತಿಳಿಯುತ್ತದೆ. ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಗೆ, ಸರಿಯಾಗಿ ನನ್ನ ಒಂದು ಬೆರಳು.

ಇನ್ನು ಬುಟ್ಟಿಯ ವಿಷಯ.

ನಮ್ಮದು ದೀವರ ಮನೆ. ದೀವರು ಅಂದರೆ ಮಲೆನಾಡಿನ ಒಂದು ಸಮುದಾಯ. ಸಾಗರ, ಸೊರಬ ಕಡೆಯ ದೀವರ ಹೆಂಗಸರ ಚಿತ್ತಾರ ಈಗ ಹೊರಗಿನವರಿಗೂ ಗೊತ್ತು. ಮದುವೆಮನೆಯ ಗೋಡೆಗೆ ಹಸೆ ಚಿತ್ತಾರ, ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ. ದಸರಾ ಮುಗಿದು ಬರುವ ಹುಣ್ಣಿಮೆಗೆ ಗದ್ದೆಯಲ್ಲಿ ಭತ್ತ ಹೊಡೆಯಾಗಿರುತ್ತದೆ, ಅಂದರೆ ತೆನೆ ಇನ್ನೂ ಒಳಗೇ ಇರುತ್ತದೆ. ಭೂಮಿತಾಯಿ ಬಸುರಿ ಅಂತ ಲೆಕ್ಕ, ಅವಳ ಬಯಕೆ ತೀರಿಸುವ ಹಬ್ಬ ಅದು. ರಾತ್ರಿಯಿಡೀ ಅಡುಗೆ ಮಾಡಿ, ಬೆಳಕು ಹರಿಯುವ ಮೊದಲೇ ಬುಟ್ಟಿಯಲ್ಲಿ ಗದ್ದೆಗೆ ಹೊತ್ತುಕೊಂಡು ಹೋಗುತ್ತಾರೆ. ಸೊಪ್ಪು ಬೇಯಿಸಿ ಕಲಸಿದ ಹಚ್ಚಂಬಲಿಯನ್ನು ಗದ್ದೆಗೆಲ್ಲ ಬೀರುತ್ತಾರೆ. ಆ ಬುಟ್ಟಿಗೆ ವಾರ ಮೊದಲೇ ಸಗಣಿ ಸಾರಿಸಿ, ಒಣಗಿದ ಮೇಲೆ ಕೆಮ್ಮಣ್ಣು ಬಳಿದು, ಅದರ ಮೇಲೆ ನೆನೆಸಿ ಅರೆದ ಅಕ್ಕಿಯ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಕುಂಚ ಅಂದರೆ ಪುಂಡಿ ನಾರು. ತುದಿ ಜಜ್ಜಿ ಸಣ್ಣ ಮಾಡಿಕೊಂಡ ನಾರಿನಲ್ಲಿ ಅಮ್ಮ ಎಳೆಯುವ ಗೆರೆ ಕೂದಲೆಳೆಯಷ್ಟು ತೆಳ್ಳಗಿರುತ್ತದೆ.

ಆ ಮೊದಲ ವರ್ಷ ಮಗಳಿಗೆ ಐದು ತಿಂಗಳಾಗಿತ್ತು. ಅಮ್ಮ ಚಿಕ್ಕ ಬುಟ್ಟಿಗೆ ಚಿತ್ತಾರ ಬರೆಯುತ್ತಾ, ಭತ್ತದ ಸಸಿಯ ಸಾಲಿನ ಪಕ್ಕ ಒಂದು ಅಂಗೈಯಷ್ಟು ಜಾಗ ಬಿಟ್ಟರು. "ಕೂಸಿನ ಕಾಲು ಹಿಡಿ ಇಲ್ಲಿ" ಅಂದರು. ಸಂಪ್ರದಾಯದಲ್ಲಿ ಹಾಗೇನೂ ಇಲ್ಲ. ಅಮ್ಮನ ಮನಸ್ಸಿಗೆ ಬಂತು, ಅಷ್ಟೇ. ಕೆಮ್ಮಣ್ಣಿನ ಮೇಲೆ ಬಿಳಿ ಪಾದ ಎದ್ದು ಕಂಡಿತು. ಹಬ್ಬ ಮುಗಿದ ಮೇಲೆ ಬುಟ್ಟಿ ಒಲೆಯ ಮೇಲಿನ ಅಟ್ಟಕ್ಕೆ ಹೋಯಿತು. ನಾನು ಮರೆತೇಬಿಟ್ಟೆ.

ಜುಲೈನಲ್ಲಿ ನಾನು ಬಾಳೆಲೆ ಹಿಡಿದು ಅಳುತ್ತಿದ್ದಾಗ ಅಮ್ಮ ಏಣಿ ಹಾಕಿ ಅಟ್ಟ ಹತ್ತಿದರು. ಬುಟ್ಟಿ ಇಳಿಸಿ ನನ್ನ ಮುಂದಿಟ್ಟರು. ಒಲೆಯ ಹೊಗೆ, ಬಿಸಿ. ಬೂಷ್ಟಿಲ್ಲ, ಹುಳ ಇಲ್ಲ. ಬಿಳಿ ಸ್ವಲ್ಪ ಕಂದಾಗಿತ್ತು. ಐದು ಬೆರಳೂ ಇದ್ದವು, ಕಿರುಬೆರಳು ಹೆಸರುಕಾಳಿನಷ್ಟು. ಓವನ್‌ನಲ್ಲಿ ಬೇಯಿಸಿದ್ದು ಹೋಗಿ, ಅಕ್ಕಿನೀರಿನಲ್ಲಿ ಒತ್ತಿದ್ದು ಉಳಿದಿತ್ತು.

ಆದರೆ ಕತೆ ಅಲ್ಲಿಗೆ ನಿಲ್ಲಲಿಲ್ಲ. ಅಕ್ಟೋಬರ್ ಬಂತು. ನಾವು ಊರಿಗೆ ಹೋಗುವ ಹೊತ್ತಿಗೆ ಅಮ್ಮ ಸಗಣಿ ಕಲಸಿಕೊಂಡು ಬುಟ್ಟಿಯ ಮುಂದೆ ಕೂತಿದ್ದರು. ದೊಡ್ಡ ಬುಟ್ಟಿ ಬಳಿದಾಗಿತ್ತು, ಚಿಕ್ಕದು ಕೈಯಲ್ಲಿತ್ತು.

"ಅಮ್ಮಾ, ಅದನ್ನ ಬಳೀಬೇಡ! ಅದರ ಮೇಲೆ ಅವಳ ಕಾಲಿದೆ" ಅಂತ ಕೂಗಿದೆ.

ಅಮ್ಮ ನಿಜವಾಗಿಯೂ ಆಶ್ಚರ್ಯದಿಂದ ನನ್ನ ಮುಖ ನೋಡಿದರು. "ಹೋದ್ವರ್ಷದ ಚಿತ್ತಾರದಲ್ಲಿ ಈ ವರ್ಷದ ಬುತ್ತಿ ಹೊರಕ್ಕಾಗ್ತದನೇ? ಕೂಸು ಇಲ್ಲೇ ಉಂಟಲ್ಲ" ಅಂದರು.

ನಾನು ಸಿಟ್ಟು ಮಾಡಿಕೊಂಡೆ. ಹೊಸ ಬುಟ್ಟಿ ತರಿಸುತ್ತೇನೆ ಅಂದೆ. ಅಮ್ಮ ಏನೂ ಹೇಳಲಿಲ್ಲ, ಬುಟ್ಟಿ ಕೆಳಗಿಟ್ಟು ಚಹಾ ಮಾಡಲು ಒಳಗೆ ಹೋದರು. ಅರ್ಧ ಗಂಟೆ ಆ ಬುಟ್ಟಿ, ನಾನು, ಇಬ್ಬರೇ. ಮಗಳು ಅಂಗಳದಲ್ಲಿ ಸಗಣಿ ಬುಟ್ಟಿಗೆ ಕೈ ಹಾಕಿ ಮೊಣಕೈವರೆಗೂ ಬಳಿದುಕೊಂಡಿದ್ದಳು. ಅವಳ ಆಗಿನ ಕೈ ನೋಡಿದೆ. ಎಷ್ಟು ಬೆಳೆದಿತ್ತು! ನಾನು ಅಟ್ಟದ ಮೇಲಿನ ಕಾಲನ್ನು ಕಾಪಾಡುವ ಯೋಚನೆಯಲ್ಲಿ ಕಣ್ಣೆದುರಿನ ಕೈಯನ್ನು ಸರಿಯಾಗಿ ನೋಡಿರಲೇ ಇಲ್ಲ. ಒಂದು ತೆಳು ಕಾಗದವನ್ನು ಪಾದದ ಮೇಲಿಟ್ಟು ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದುಕೊಂಡೆ. ಆಮೇಲೆ ನಾನೇ ಸಗಣಿ ತೆಗೆದುಕೊಂಡು ಬಳಿದೆ.

ಉಳಿಸಿಕೊಳ್ಳುವುದಕ್ಕೆ ಅಮ್ಮ ಬೇರೆ ದಾರಿ ತೋರಿಸಿದರು. ತೋಟದಲ್ಲಿ ಬಿದ್ದ ಅಡಿಕೆ ಹಾಳೆ. ಚಿಕ್ಕವರಿದ್ದಾಗ ಹಾಳೆ ಮೇಲೆ ಕೂರಿಸಿ ಎಳೆಯುತ್ತಿದ್ದರಲ್ಲ, ಅದೇ. ಒಳ್ಳೆಯ ಹಾಳೆ ಆರಿಸಿ, ನೀರಿನಲ್ಲಿ ನೆನೆಸಿ ತಿಕ್ಕಿ ತೊಳೆದು, ಚಪ್ಪಟೆ ಮಾಡಿ ಮೇಲೆ ಭಾರ ಇಟ್ಟು, ಬಿಸಿಲಿಗೆ ಗರಿಗರಿಯಾಗಿ ಒಣಗಿಸಬೇಕು. ಒಳಮೈ ನುಣುಪಾಗಿ, ತೆಳು ಕೆನೆ ಬಣ್ಣಕ್ಕಿರುತ್ತದೆ. ಅದರ ಮೇಲೆ ಗಂಜಿ ಸೇರಿಸಿದ ಕೆಮ್ಮಣ್ಣಿನಲ್ಲಿ ಕೈ ಒತ್ತಿದರೆ ಎಷ್ಟು ಚೆನ್ನಾಗಿ ಕೂರುತ್ತದೆ ಗೊತ್ತಾ! ಹಿಂದೆ ಪೆನ್ಸಿಲಿನಲ್ಲಿ ಹಬ್ಬದ ಹೆಸರು, ವರ್ಷ, ವಯಸ್ಸು ಬರೆಯುತ್ತೇನೆ. ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ, ಪೆನ್ಸಿಲ್ ಹರಡುವುದಿಲ್ಲ. ಮಳೆಗಾಲ ಬರುವ ಮೊದಲು ಹಳೆ ಹತ್ತಿ ಸೀರೆಯಲ್ಲಿ ಸುತ್ತಿ ಅಮ್ಮನ ಅಟ್ಟಕ್ಕೆ ಕಳಿಸುತ್ತೇನೆ. ಶಿವಮೊಗ್ಗದ ಮನೆಯಲ್ಲಿ ಗ್ಯಾಸ್ ಒಲೆ, ಹೊಗೆ ಇಲ್ಲ.

ಇನ್ನೂ ಗಟ್ಟಿಯಾದದ್ದು ಬೇಕಿದ್ದರೆ ಜೇಡಿಮಣ್ಣು. ಗಣಪತಿ ಮಾಡುವವರ ಹತ್ತಿರ ಕೇಳಿದರೆ ಒಂದು ಮುದ್ದೆ ಕೊಡುತ್ತಾರೆ. ಬೆರಳು ದಪ್ಪಕ್ಕೆ ತಟ್ಟಿ, ಕೈ ಒತ್ತಿ, ನೆರಳಿನಲ್ಲಿ ನಿಧಾನಕ್ಕೆ ಒಣಗಿಸಬೇಕು. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಒಣಗುವಾಗ ಮಣ್ಣು ಕುಗ್ಗುವುದರಿಂದ ಅಚ್ಚು ನಿಜವಾದ ಕೈಗಿಂತ ತುಸು ಚಿಕ್ಕದಾಗುತ್ತದೆ. ಅದೊಂದು ಬೇಜಾರು ನನಗೆ. ಕುಂಬಾರರ ಆವಿಗೆಯಲ್ಲಿ ಸುಡಿಸಿಬಿಟ್ಟರೆ ಯಾವ ಮಳೆಗೂ ಹೆದರಬೇಕಿಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಮಾತ್ರ ಕೂಸಿನ ಕೈಯನ್ನು ನೇರವಾಗಿ ಇಡಲೇಬೇಡಿ. ಗಟ್ಟಿಯಾಗುವಾಗ ಅದು ಬಿಸಿಯಾಗುತ್ತದೆ, ಚರ್ಮ ಸುಡುವಷ್ಟು.

ಬಣ್ಣದ ವಿಷಯದಲ್ಲೂ ಒಂದು ಮಾತು. ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಆರತಿಯ ಕೆಂಪು ನೀರಾಗುತ್ತದೆ, ನೋಡಲು ಆಸೆಯಾಗುವ ಕೆಂಪು. ಆದರೆ ಸುಣ್ಣ ಎಳೆ ಚರ್ಮಕ್ಕೆ ಉರಿ. ಕೂಸಿನ ಕೈಗೆ ಕೆಮ್ಮಣ್ಣು ಮತ್ತು ಅಕ್ಕಿಹಿಟ್ಟು ಸಾಕು. ಹಾಗೇ ಗುಲಗಂಜಿ. ಬೇಲಿಯಲ್ಲಿ ಕಾಯಿ ಒಡೆದು ಕೆಂಪು ಕಪ್ಪು ಕಾಳು ಕಂಡರೆ ಯಾರಿಗಾದರೂ ಹಬ್ಬದ ಅಲಂಕಾರಕ್ಕೆ ಅಂಟಿಸೋಣ ಅನ್ನಿಸುತ್ತದೆ. ಅದರೊಳಗಿರುವುದು ಘೋರ ವಿಷ, ಕಾಳು ಕಚ್ಚಿ ಅಥವಾ ಒಡೆದು ಹೊಟ್ಟೆಗೆ ಹೋದರೆ ಜೀವಕ್ಕೇ ಅಪಾಯ. ಮೂರು ವರ್ಷ ತುಂಬುವವರೆಗೆ ಗುಲಗಂಜಿ ಮಾತ್ರವಲ್ಲ, ಮಣಿ, ಗುಂಡಿ, ಹುಣಸೆಬೀಜ ಯಾವುದೂ ಕೈಗೆ ಸಿಗದಿರಲಿ. ಗಂಟಲಲ್ಲಿ ಸಿಕ್ಕಿಕೊಳ್ಳುವಂಥವೆಲ್ಲ ಬೇಡ.

ನಡೆಯಲು ಬಂದ ಮೇಲೆ ಆಟವೇ ಬೇರೆ. ಆಗ ನಾವು ಅವರ ಕೈ ಹಿಡಿದು ಮಾಡಿಸುವುದಲ್ಲ, ಅವರೇ ಮಾಡಬೇಕು. ಒಂದೂವರೆ ವರ್ಷದಲ್ಲಿ ದೀಪಾವಳಿಗೆ ಬೆಂಡೆಕಾಯಿಯ ತೊಟ್ಟಿನ ಕಡೆ ಕತ್ತರಿಸಿ ಕೊಟ್ಟೆ. ಕೆಮ್ಮಣ್ಣಿಗೆ ಅದ್ದಿ ಹಳೆ ಪಂಚೆಯ ತುಂಡಿಗೆ ಒತ್ತಿದರೆ ಐದೆಸಳಿನ ಹೂವು. ಮೊದಲನೆಯದು ಮೂಡಿದಾಗ ಅವಳು ಬೆಂಡೆಕಾಯಿ ತಿರುಗಿಸಿ ತುದಿ ನೋಡಿದಳು. ಹೂವು ಎಲ್ಲಿಂದ ಬಂತು ಅಂತ ಹುಡುಕುತ್ತಿದ್ದಳು. ಆಮೇಲೆ ಒಂದೇ ಜಾಗಕ್ಕೆ ಇಪ್ಪತ್ತು ಸಲ ಒತ್ತಿ ಹೂವೆಲ್ಲ ಸೇರಿ ಒಂದು ಕೆಂಪು ಕಲೆಯಾಯಿತು. ಸಾಲಾಗಿ ಒತ್ತು ಅಂತ ಹೇಳಲು ಬಾಯಿ ತೆರೆದವಳು ಸುಮ್ನಾದೆ. ಆ ವಯಸ್ಸಿಗೆ ಒತ್ತುವುದೇ ಸಂತೋಷ, ಹೂವಲ್ಲ. ಆ ಪಂಚೆ ತುಂಡು ಈಗ ನಮ್ಮ ದೇವರಮನೆಯ ಪರದೆ. ನೋಡಿದವರಿಗೆ ಕಲೆ ಕಾಣುತ್ತದೆ. ನನಗೆ ಆ ಇಪ್ಪತ್ತು ಸಲದ ಟಪ್ ಟಪ್ ಸದ್ದು ಕೇಳುತ್ತದೆ.

ಹೋದ ಡಿಸೆಂಬರ್‌ನಲ್ಲಿ ಪಕ್ಕದ ಮನೆಯ ಆಂಟಿ ಕ್ರಿಸ್ಮಸ್ ಗೋದಲಿ ಕಟ್ಟುವಾಗ ಇವಳನ್ನೂ ಕರೆದರು. ಬಿ.ಎಚ್. ರಸ್ತೆಯ ಸೇಕ್ರೆಡ್ ಹಾರ್ಟ್ ಚರ್ಚಿನ ದೀಪ ನೋಡಿ ಬಂದ ಮರುದಿನ. ಬಿಳಿ ಬಣ್ಣದಲ್ಲಿ ಅವಳ ಹೆಬ್ಬೆರಳು ಅದ್ದಿ ರಟ್ಟಿಗೆ ಒತ್ತಿಸಿ, ಕಪ್ಪು ಪೆನ್ನಿನಲ್ಲಿ ನಾಲ್ಕು ಕಾಲು ಬರೆದರು. ಕುರಿಮರಿ! ಆ ಕುರಿ ಈ ವರ್ಷವೂ ಅವರ ಗೋದಲಿಯಲ್ಲಿ ನಿಲ್ಲುತ್ತದಂತೆ.

ಈ ಸಲದ ಭೂಮಿ ಹುಣ್ಣಿಮೆಗೆ ಅವಳಿಗೆ ಎರಡು ವರ್ಷ ಐದು ತಿಂಗಳು. ಅಮ್ಮ ಬುಟ್ಟಿ ಬಳಿದು, ಚಿತ್ತಾರ ಬರೆದು, ಭತ್ತದ ಸಸಿಯ ಪಕ್ಕ ಎಂದಿನಂತೆ ಜಾಗ ಬಿಟ್ಟಿದ್ದರು. ಅಕ್ಕಿಬಿಳಿಯ ಬಟ್ಟಲು ನಾನು ಎತ್ತಿಕೊಳ್ಳುವಷ್ಟರಲ್ಲಿ ಅವಳೇ ಎರಡೂ ಕೈ ಅದ್ದಿ ಬುಟ್ಟಿಯನ್ನು ತಬ್ಬಿಕೊಂಡಳು. ಒಂದು ಕೈ ಖಾಲಿ ಜಾಗದಲ್ಲಿ ಬಿತ್ತು. ಇನ್ನೊಂದು ಅಮ್ಮ ಬೆಳಗಿನಿಂದ ಕೂತು ಎಳೆದ ಸಸಿಗಳ ಮೇಲೆ. ನಾನು ಉಸಿರು ಬಿಗಿಹಿಡಿದೆ. ಅಮ್ಮ ಪುಂಡಿ ನಾರು ಎತ್ತಿ, ಆ ಎರಡನೇ ಕೈಯ ಬೆರಳುಗಳ ನಡುವೆ ಒಂದೊಂದು ತೆನೆ ಬರೆದರು.

ಮಾರನೆಯ ದಿನ ಇನ್ನೂ ಕತ್ತಲಿರುವಾಗಲೇ ತಮ್ಮ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಹೊರಟ. ಮಗಳಿಗೆ ಎಚ್ಚರವಾಗಿ ಕಂಬಳಿ ಸಮೇತ ನನ್ನ ಸೊಂಟ ಏರಿದ್ದಳು. ಅಪ್ಪ ಹಿಂದಿನಿಂದ ಟಾರ್ಚ್ ಹಿಡಿದಿದ್ದರು. ಇಬ್ಬನಿಯಲ್ಲಿ ಬುಟ್ಟಿಯ ಮೇಲಿನ ಬಿಳಿ ಕೈ ಸ್ವಲ್ಪ ದೂರ ಕಂಡಿತು, ಅಂಚಿನ ತಿರುವಿನಲ್ಲಿ ಮರೆಯಾಯಿತು.

"ನನ್ ಕೈ ಗದ್ದೆಗೆ ಹೋಯ್ತು" ಅಂದಳು.